ವಂಶವಾಹಿ ದೋಷ: ಕ್ಯಾನ್ಸರ್ ಅಪಾಯ ಯಾರಿಗೆ, ಎಷ್ಟು?

ದೊಡ್ಡಬಳ್ಳಾಪುರ: ಅಕ್ಕನ ಮಗಳನ್ನೋ, ಸೋದರತ್ತೆಯ ಮಗಳನ್ನೋ ಮನೆಗೆ ತಂದುಕೊಳ್ಳುವ ಪದ್ಧತಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಇಂದಿಗೂ ಉಳಿದಿದೆ. ಜಮೀನು ಕೈತಪ್ಪದು, ಹೆಣ್ಣುಮಗಳು ಕಣ್ಣಳತೆಯಲ್ಲೇ ಇರುತ್ತಾಳೆ ಎಂಬುದು ಹಿರಿಯರ ಲೆಕ್ಕಾಚಾರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಸುಮಾರು ಶೇ 27ರಷ್ಟು ಮಂದಿ ರಕ್ತಸಂಬಂಧದಲ್ಲಿ ಮದುವೆಯಾದವರು. ಇಂತಹ ಮದುವೆಯಿಂದ ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳ ಸಂಭವ ಹೆಚ್ಚುತ್ತದೆ. ಆ ಪೈಕಿ ಕೆಲವು ಕ್ಯಾನ್ಸರ್‌ಗೂ ದಾರಿ ಮಾಡಿಕೊಡುತ್ತವೆ.

ಎಲ್ಲ ಕ್ಯಾನ್ಸರ್ ವಂಶದಿಂದ ಬಾರದು

ಒಟ್ಟು ಕ್ಯಾನ್ಸರ್ ಪ್ರಕರಣಗಳಲ್ಲಿ ಹುಟ್ಟಿನಿಂದಲೇ ಬಂದ ವಂಶವಾಹಿ ದೋಷ ಕಾರಣವಾಗುವುದು ಶೇ 5ರಿಂದ 10ರಷ್ಟರಲ್ಲಿ ಮಾತ್ರ. ಉಳಿದವುಗಳಿಗೆ ತಂಬಾಕು, ಸೋಂಕು, ವಯಸ್ಸು ಮೊದಲಾದವು ಕಾರಣ. ಅಲ್ಲದೆ, ವಂಶದಿಂದ ಬರುವುದು ಕ್ಯಾನ್ಸರ್ ಅಲ್ಲ, ಅದರ ಸಂಭವ ಮಾತ್ರ ಎಂಬುದನ್ನು ಗಮನಿಸಬೇಕು.

ಪ್ರತಿ ವಂಶವಾಹಿಗೂ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯದು, ಮತ್ತೊಂದು ತಂದೆಯದು. ಮಕ್ಕಳ ಕಣ್ಣಿನ ಕ್ಯಾನ್ಸರ್ ಆದ ರೆಟಿನೋಬ್ಲಾಸ್ಟೋಮಾ ಕುರಿತು 1971ರಲ್ಲಿ ಅಧ್ಯಯನ ನಡೆಸಿದ ಅಮೆರಿಕದ ವೈದ್ಯ ಆಲ್ಫ್ರೆಡ್ ನುಡ್ಸನ್, ರೋಗ ಕಾಣಿಸಿಕೊಳ್ಳಲು ಎರಡು ಪೆಟ್ಟುಗಳು ಬೇಕೆಂದು ವಿವರಿಸಿದರು. ಒಂದು ಪ್ರತಿ ಕೆಟ್ಟಿರುವಂತೆಯೇ ಹುಟ್ಟಿದ ಮಗುವಿಗೆ ಮೊದಲ ಪೆಟ್ಟು ಆಗಲೇ ಬಿದ್ದಿರುತ್ತದೆ. ಆದ್ದರಿಂದಲೇ ಅಂತಹವರಲ್ಲಿ ರೋಗ ಬೇಗ, ಕೆಲವೊಮ್ಮೆ ಎರಡೂ ಕಣ್ಣುಗಳಲ್ಲಿ ಕಾಣಿಸುತ್ತದೆ.

ಒಂದೇ ಪ್ರತಿ ಸಾಕಾದಾಗ

ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಈ ಗುಂಪಿಗೆ ಸೇರಿದವು. ಇವುಗಳಲ್ಲಿ ದೋಷವಿರುವ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಜೀವಿತಾವಧಿಯಲ್ಲಿ ಸ್ತನ ಕ್ಯಾನ್ಸರ್ ಬರುವ ಸಂಭವವಿದ್ದು, ಅಂಡಾಶಯದ ಕ್ಯಾನ್ಸರ್ ಅಪಾಯವೂ ಹೆಚ್ಚು. ಲಿಂಚ್ ಸಿಂಡ್ರೋಮ್ ಇರುವವರಿಗೆ ದೊಡ್ಡ ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ಭಯ. ಪೋಷಕರಲ್ಲಿ ಒಬ್ಬರಿಗೆ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇ 50. ಇದು ತಂದೆಯ ಕಡೆಯಿಂದಲೂ ಬರಬಹುದು. ಇವುಗಳಿಗೆ ರಕ್ತಸಂಬಂಧದ ಮದುವೆ ಬೇಕೆಂದಿಲ್ಲ. ಹೊರಗಿನ ಸಂಬಂಧ ತಂದವರಿಗೂ ಇದು ಅನ್ವಯಿಸುತ್ತದೆ.

ಎರಡೂ ಪ್ರತಿ ಕೆಟ್ಟಾಗ

ಫ್ಯಾಂಕೋನಿ ಅನೀಮಿಯಾ, ಝೀರೋಡರ್ಮಾ ಪಿಗ್ಮೆಂಟೋಸಮ್, ಅಟಾಕ್ಸಿಯಾ ಟೆಲಂಜಿಯೆಕ್ಟೇಸಿಯಾ ಮುಂತಾದವು ಎರಡನೇ ಗುಂಪಿನವು. ತಂದೆ-ತಾಯಿ ಇಬ್ಬರೂ ಆರೋಗ್ಯವಂತರಾಗಿಯೇ ಇದ್ದು, ಒಂದೇ ವಂಶವಾಹಿಯ ದೋಷವನ್ನು ಹೊತ್ತಿದ್ದರೆ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ 25. ಸೋದರಮಾವ ಹಾಗೂ ಅಕ್ಕನ ಮಗಳ ನಡುವೆ ಸರಾಸರಿ ನಾಲ್ಕನೇ ಒಂದು ಭಾಗದಷ್ಟು ವಂಶವಾಹಿಗಳು ಸಮಾನವಾಗಿರುವುದರಿಂದ ಇಲ್ಲಿ ಅಪಾಯ ಏರುತ್ತದೆ.

ಫ್ಯಾಂಕೋನಿ ಮಕ್ಕಳಲ್ಲಿ ಹೆಬ್ಬೆರಳಿನ ಊನ, ಕುಳ್ಳುತನ, ರಕ್ತಕಣಗಳ ಕೊರತೆ ಕಾಣಬಹುದು. ಮುಂದೆ ರಕ್ತ ಹಾಗೂ ಬಾಯಿಯ ಕ್ಯಾನ್ಸರ್ ಸಂಭವ ಹೆಚ್ಚು. ಝೀರೋಡರ್ಮಾ ಇರುವ ಮಕ್ಕಳ ಚರ್ಮ ಬಿಸಿಲಿಗೆ ಬೇಗ ಸುಟ್ಟು ಕಲೆಗಟ್ಟುತ್ತದೆ, ಎಳವೆಯಲ್ಲೇ ಚರ್ಮದ ಕ್ಯಾನ್ಸರ್ ತಲೆದೋರಬಹುದು. ಬಿಸಿಲಿನಿಂದ ಸಂಪೂರ್ಣ ರಕ್ಷಣೆಯೇ ಇದಕ್ಕೆ ಮುಖ್ಯ ಉಪಾಯ.

21ನೇ ವರ್ಣತಂತು ಒಂದು ಹೆಚ್ಚಾಗಿರುವ ಡೌನ್ ಸಿಂಡ್ರೋಮ್ ಸಾಮಾನ್ಯವಾಗಿ ವಂಶದಿಂದ ಬರುವಂಥದ್ದಲ್ಲ. ಆದರೂ ಈ ಮಕ್ಕಳಿಗೆ ರಕ್ತ ಕ್ಯಾನ್ಸರ್ ಅಪಾಯ ಇತರರಿಗಿಂತ 10ರಿಂದ 20 ಪಟ್ಟು ಹೆಚ್ಚು.

ಚಿಕಿತ್ಸೆಗೂ ಮುನ್ನ

ಮೂಲ ಕಾಯಿಲೆ ತಿಳಿಯದೆ ಕ್ಯಾನ್ಸರ್‌ಗೆ ಚಿಕಿತ್ಸೆ ಆರಂಭಿಸುವುದು ಅಪಾಯಕಾರಿ. ಫ್ಯಾಂಕೋನಿ ರೋಗಿಗಳು ಸಾಮಾನ್ಯ ಪ್ರಮಾಣದ ಕಿಮೊಥೆರಪಿಯನ್ನು ತಾಳಲಾರರು. ಅಟಾಕ್ಸಿಯಾ ಇರುವವರಿಗೆ ವಿಕಿರಣ ಚಿಕಿತ್ಸೆ ಮಾರಕವಾಗಬಲ್ಲದು. ಮನೆಯ ಚರಿತ್ರೆಯನ್ನು ವೈದ್ಯರಿಂದ ಮುಚ್ಚಿಡಬಾರದೆಂಬುದಕ್ಕೆ ಇದೇ ಕಾರಣ.

ಏನು ಮಾಡಬೇಕು?

* ಮೂರು ತಲೆಮಾರಿನಲ್ಲಿ ಯಾರಿಗೆ, ಯಾವ ಅಂಗದ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಬಂತೆಂದು ಬರೆದಿಡಿ.

* 50 ವರ್ಷಕ್ಕೆ ಮುಂಚೆ ಕ್ಯಾನ್ಸರ್, ಒಬ್ಬರಿಗೇ ಎರಡು ಬಗೆಯ ಕ್ಯಾನ್ಸರ್, ಗಂಡಸರಲ್ಲಿ ಸ್ತನ ಕ್ಯಾನ್ಸರ್ ಕಂಡಿದ್ದರೆ ತಜ್ಞರನ್ನು ಕಾಣಿ.

* ಫ್ಲ್ಯಾಶ್ ಬಳಸಿ ತೆಗೆದ ಭಾವಚಿತ್ರದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ ತಡಮಾಡದೆ ನೇತ್ರತಜ್ಞರ ಬಳಿ ಕರೆದೊಯ್ಯಿರಿ.

* ವಂಶವಾಹಿ ಪರೀಕ್ಷೆಯನ್ನು ಮೊದಲು ರೋಗ ಬಂದವರಿಗೆ ಮಾಡಿಸುವುದು ಸೂಕ್ತ. ದೋಷ ಪತ್ತೆಯಾದರೆ ಉಳಿದವರಿಗೆ ಆ ಒಂದನ್ನೇ ಹುಡುಕಿದರೆ ಸಾಕು.

ಜಿಲ್ಲೆಯ ಜನರಿಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಮಿಂಟೊ ಕಣ್ಣಿನ ಆಸ್ಪತ್ರೆ ಸಮೀಪದಲ್ಲಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಹಾಗೂ ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುತ್ತವೆ.

ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂಬ ಅಂಜಿಕೆಯಿಂದ ಮನೆಯಲ್ಲಿನ ಕ್ಯಾನ್ಸರನ್ನು ಮುಚ್ಚಿಡುವುದುಂಟು. ಅಮ್ಮನಿಗೆ ಬಂದ ರೋಗ ಯಾವುದೆಂದು ತಿಳಿಯದ ಮಗಳು ತಪಾಸಣೆಗೆ ಹೋಗುವುದಾದರೂ ಹೇಗೆ? ಗೊತ್ತಿದ್ದರೆ ಆಕೆ ಹತ್ತು ವರ್ಷ ಮೊದಲೇ ಎಚ್ಚರಗೊಳ್ಳಬಹುದು. ಆರಂಭದಲ್ಲೇ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು.