28 ಗಿಗಾಹರ್ಟ್ಸ್ ಪ್ಯಾಚ್ ಆಂಟೆನಾ: ಗಾತ್ರದ ಉಳಿತಾಯವೂ ತಯಾರಿಕೆಯ ದೋಷವೂ

28 ಗಿಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿನ ತರಂಗದೂರ 10.7 ಮಿ.ಮೀ. ಅದರ ಅರ್ಧದಷ್ಟಿದ್ದರೆ ಆಂಟೆನಾಕ್ಕೆ ಸಾಕು. ಇಲ್ಲಿನ ಚಿಕ್ಕತನ ಆವೃತ್ತಿಯೇ ಕೊಟ್ಟ ಬಳುವಳಿ. ಆದರೂ 5ಜಿ ಫೋನಿನ ಅಂಚಿನಲ್ಲಿ ಜಾಗ ಹುಡುಕುವವರಿಗೆ ಅದು ಸಾಲದು. ಆಗ ಮೊದಲು ಹೊಳೆಯುವ ಉಪಾಯ, ಡೈಎಲೆಕ್ಟ್ರಿಕ್ ಸ್ಥಿರಾಂಕ ಹೆಚ್ಚಿರುವ ಸಬ್‌ಸ್ಟ್ರೇಟ್. ಈ ಉಪಾಯ ಪ್ಯಾಚ್ ಆಂಟೆನಾದಲ್ಲಿ ಲಾಭಕ್ಕಿಂತ ನಷ್ಟವನ್ನೇ ತರುತ್ತದೆ ಎಂಬುದು ನನ್ನ ವಾದ.

ದಪ್ಪ 0.254 ಮಿ.ಮೀ. ಇರುವ ಎರಡು ಸಬ್‌ಸ್ಟ್ರೇಟ್‌ಗಳನ್ನು ಹೋಲಿಸೋಣ. ಸ್ಥಿರಾಂಕ 2.2 ಆದರೆ ಪ್ಯಾಚಿನ ಉದ್ದ ಸುಮಾರು 3.47 ಮಿ.ಮೀ., ಬ್ಯಾಂಡ್‌ವಿಡ್ತ್ ಶೇ. 2.7, ಎಂದರೆ 760 ಮೆಗಾಹರ್ಟ್ಸ್. ಸ್ಥಿರಾಂಕ 10.2 ಆದರೆ ಉದ್ದ 1.6 ಮಿ.ಮೀ.ಗೆ ಇಳಿಯುತ್ತದೆ, ಬ್ಯಾಂಡ್‌ವಿಡ್ತ್ ಕೂಡ ಶೇ. 1.1ಕ್ಕೆ, 310 ಮೆಗಾಹರ್ಟ್ಸ್‌ಗೆ ಕುಸಿಯುತ್ತದೆ. ಈಗ ಎಚ್ಚಿಂಗ್‌ನಲ್ಲಿ ಉದ್ದ 0.05 ಮಿ.ಮೀ. ತಪ್ಪಿತೆನ್ನಿ. ಮೊದಲನೆಯದರಲ್ಲಿ ಅನುರಣನೆ ಸುಮಾರು 375 ಮೆಗಾಹರ್ಟ್ಸ್ ಸರಿದು, ಬೇಕಾದ ಆವೃತ್ತಿ ಪಟ್ಟಿಯ ಅಂಚಿಗೆ ಬಂದು ನಿಲ್ಲುತ್ತದೆ. ಎರಡನೆಯದರಲ್ಲಿ ಸರಿಯುವುದು 765 ಮೆಗಾಹರ್ಟ್ಸ್. ಪಟ್ಟಿ ಪೂರ್ತಿ ಕೈತಪ್ಪುತ್ತದೆ. ಇವು ಪ್ರಸರಣ ಮಾರ್ಗ ಮಾದರಿಯ ಅಂದಾಜುಗಳು, ನಿಜ. ಆದರೆ ಇಷ್ಟು ದೊಡ್ಡ ಅಂತರವನ್ನು ಸೂಕ್ಷ್ಮ ಸಿಮ್ಯುಲೇಶನ್ ಅಳಿಸಲಾರದು.

ಬ್ಯಾಂಡ್‌ವಿಡ್ತ್‌ಗಾಗಿ ಸಬ್‌ಸ್ಟ್ರೇಟನ್ನು ದಪ್ಪಗೊಳಿಸಿದರೆ ಮೇಲ್ಮೈ ತರಂಗಗಳು ಬಲಿಯುತ್ತವೆ. ಆಕಾಶಕ್ಕೆ ಹೋಗಬೇಕಾದ ಶಕ್ತಿ ಹಲಗೆಯೊಳಗೇ ಹರಿದು ಪಕ್ಕದ ಪ್ಯಾಚನ್ನು ಕೆಣಕುತ್ತದೆ.

ಇನ್ನೊಂದು ಮಾತು ಅನೇಕ ಪ್ರಬಂಧಗಳಲ್ಲಿ ಮರೆಯಾಗುತ್ತದೆ. ಈ ಆವೃತ್ತಿಯಲ್ಲಿ ಒಂಟಿ ಪ್ಯಾಚ್ ಸಾಲುವುದು ಅಪರೂಪ. ಕಿರಣವನ್ನು ತಿರುಗಿಸಲು ಸಾಲು ಬೇಕು. ಸಾಲಿನಲ್ಲಿ ಪ್ಯಾಚ್‌ಗಳ ನಡುವಿನ ದೂರವನ್ನು ನಿರ್ಧರಿಸುವುದು ಗಾಳಿಯಲ್ಲಿನ ತರಂಗದೂರದ ಅರ್ಧ, ಸುಮಾರು 5.35 ಮಿ.ಮೀ. ಪ್ಯಾಚ್ 3.47 ಇರಲಿ, 1.6 ಇರಲಿ, ನಾಲ್ಕರ ಸಾಲಿಗೆ ಹೆಚ್ಚುಕಡಿಮೆ ಅಷ್ಟೇ ಜಾಗ. ಕಿರಿದಾಗಿಸಿ ಗಳಿಸಿದ್ದು ನಡುವಿನ ಖಾಲಿ ಜಾಗ ಮಾತ್ರ.

ಉಳಿತಾಯ ಹುಡುಕಬೇಕಾದದ್ದು ಫೀಡ್ ಮಾರ್ಗದಲ್ಲಿ. ಅಗ್ಗದ ಎಫ್‌ಆರ್-4 ಹಲಗೆಯ ಮೈಕ್ರೋಸ್ಟ್ರಿಪ್‌ನಲ್ಲಿ ಡೈಎಲೆಕ್ಟ್ರಿಕ್ ನಷ್ಟವೊಂದೇ ಸೆಂಟಿಮೀಟರಿಗೆ ಸುಮಾರು 0.8 ಡೆಸಿಬೆಲ್, ಎಂದರೆ ಶೇ. 17ರಷ್ಟು ಶಕ್ತಿ. ಒಳ್ಳೆಯ ಟೆಫ್ಲಾನ್ ಆಧಾರಿತ ಹಾಳೆಯಲ್ಲಿ ಅದು 0.03ರ ಆಸುಪಾಸು. ತಾಮ್ರದ ಒರಟುತನವೂ ಲೆಕ್ಕಕ್ಕೆ ಬರುತ್ತದೆ: ಈ ಆವೃತ್ತಿಯಲ್ಲಿ ವಿದ್ಯುತ್ ಹರಿಯುವ ಪದರದ ಆಳ 0.39 ಮೈಕ್ರಾನ್, ಸಾಮಾನ್ಯ ತಾಮ್ರಹಾಳೆಯ ಏರುತಗ್ಗು ಅದಕ್ಕಿಂತ ಹೆಚ್ಚು. ಚಿಪ್ಪನ್ನು ಆಂಟೆನಾದ ಬೆನ್ನಿಗೇ ಕೂರಿಸಿದರೆ ಆ ಸೆಂಟಿಮೀಟರು ಒಂದೆರಡು ಮಿಲಿಮೀಟರಿಗೆ ಇಳಿಯುತ್ತದೆ. ಪ್ಯಾಚಿನ ಅಳತೆಯನ್ನು ಮುಟ್ಟಬೇಕಾಗಿಯೇ ಇಲ್ಲ.