ಭಾರ, ವಿಭಾಗ, ನ್ಯಾಯ: ಮಹಿಳಾ ಪವರ್‌ಲಿಫ್ಟಿಂಗ್ ಮತ್ತು ಲಿಂಗಪರಿವರ್ತಿತ ಸ್ಪರ್ಧಿಗಳ ಪ್ರವೇಶದ ಪ್ರಶ್ನೆ

ಪವರ್‌ಲಿಫ್ಟಿಂಗ್‌ನಲ್ಲಿ ಮೂರು ಬಗೆಯ ಎತ್ತುವಿಕೆಗಳಿವೆ. ಹೆಗಲ ಮೇಲೆ ಬಾರ್ ಹೊತ್ತು ಕುಕ್ಕರಗಾಲಲ್ಲಿ ಕುಳಿತು ಏಳುವುದು ಸ್ಕ್ವಾಟ್. ಬೆಂಚಿನ ಮೇಲೆ ಅಂಗಾತ ಮಲಗಿ, ಬಾರನ್ನು ಎದೆಗೆ ಇಳಿಸಿ ಮೇಲಕ್ಕೆ ತಳ್ಳುವುದು ಬೆಂಚ್ ಪ್ರೆಸ್. ನೆಲದ ಮೇಲಿನ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವುದು ಡೆಡ್‌ಲಿಫ್ಟ್. ಒಂದೊಂದಕ್ಕೂ ಮೂರು ಅವಕಾಶ. ಪ್ರತಿಯೊಂದರ ಅತಿ ಹೆಚ್ಚಿನ ಭಾರವನ್ನು ಕೂಡಿದಾಗ ಬರುವ ಮೊತ್ತದ ಮೇಲೆ ಗೆಲುವು ಸೋಲು. ಬಾರ್ 20 ಕಿಲೊ, ಪ್ಲೇಟ್ ಜಾರದಂತೆ ಎರಡೂ ತುದಿಗೆ ಹಾಕುವ ಕಾಲರ್ ತಲಾ 2.5 ಕಿಲೊ. ಮೂವರು ತೀರ್ಪುಗಾರರಲ್ಲಿ ಇಬ್ಬರ ಬಿಳಿ ದೀಪ ಹೊತ್ತಿದರೆ ಎತ್ತಿದ್ದು ಲೆಕ್ಕಕ್ಕೆ. ಸ್ಕ್ವಾಟ್‌ನಲ್ಲಿ ಸೊಂಟದ ಕೀಲು ಮಂಡಿಯ ಮಟ್ಟಕ್ಕಿಂತ ಕೆಳಗೆ ಇಳಿಯದಿದ್ದರೆ, ಎಷ್ಟೇ ಭಾರ ಹೊತ್ತು ಎದ್ದಿದ್ದರೂ ಕೆಂಪು ದೀಪ ತಪ್ಪದು. ಜೊತೆಗಾರರ ಆಟ, ಮೈದಾನದ ಗುಣ, ಗಾಳಿ ಮಳೆ ಯಾವುದರ ನೆಪವೂ ಇಲ್ಲದ ಕ್ರೀಡೆ ಇದು. ಮಹಿಳಾ ವಿಭಾಗಕ್ಕೆ ಯಾರು ಸೇರಬೇಕೆಂಬ ಜಗಳ ಇಲ್ಲಿ ಉಳಿದೆಡೆಗಿಂತ ಬಿರುಸಾಗಿ ಎದ್ದದ್ದಕ್ಕೆ ಈ ಬೆತ್ತಲೆ ಅಂಕಿಯೇ ಕಾರಣ.

ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ ಸ್ಥಾಪನೆಯಾದದ್ದು 1972ರಲ್ಲಿ. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1980ರಲ್ಲಿ, ಅಮೆರಿಕದ ಲೋವೆಲ್ ನಗರದಲ್ಲಿ. ಇದರ ಸೋದರ ಕ್ರೀಡೆ ವೇಟ್‌ಲಿಫ್ಟಿಂಗ್‌ನಲ್ಲಿ ಮಹಿಳೆಯರಿಗೆ ಒಲಿಂಪಿಕ್ಸ್ ಬಾಗಿಲು ತೆರೆದದ್ದು 2000ದಲ್ಲಿ. ಆ ಸಲವೇ ಕರ್ಣಂ ಮಲ್ಲೇಶ್ವರಿ 69 ಕಿಲೊ ವಿಭಾಗದಲ್ಲಿ 240 ಕಿಲೊ ಎತ್ತಿ ಕಂಚು ತಂದರು. ಕರ್ನಾಟಕದಲ್ಲಿ ಪವರ್‌ಲಿಫ್ಟಿಂಗ್ ಬೇರುಬಿಟ್ಟದ್ದು ಹೆಚ್ಚಾಗಿ ಕರಾವಳಿಯಲ್ಲಿ. ಮಂಗಳೂರಿನ ಬಾಲಾಂಜನೇಯ ಜಿಮ್ನಾಷಿಯಂನಂಥ ವ್ಯಾಯಾಮಶಾಲೆಗಳು ಸ್ಪರ್ಧಿಗಳನ್ನು ತಯಾರು ಮಾಡಿದವು. ಕಾರ್ಕಳ ತಾಲ್ಲೂಕು ಬೋಳದ ಅಕ್ಷತಾ ಪೂಜಾರಿ ಅಂತರರಾಷ್ಟ್ರೀಯ ಕೂಟಗಳಲ್ಲಿ ಪದಕ ಗೆದ್ದರು. ಅಂಗವಿಕಲರ ವಿಭಾಗದಲ್ಲಿ ಬೆಂಗಳೂರಿನ ಫರ್ಮಾನ್ ಬಾಷಾ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು. ಬೆಂಗಳೂರಿನಲ್ಲಿ ತರಬೇತಿ ಪಡೆದ ಬಂಗಾಳದ ಸಕೀನಾ ಖಾತೂನ್ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು ಪಡೆದರು.

ಉತ್ತರ ಕರ್ನಾಟಕದ ಕಥೆ ಬೇರೆ. ಗದಗ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಭಾರ ಎತ್ತುವುದು ಗರಡಿಗೂ ಜಾತ್ರೆಗೂ ಸೇರಿದ ಸಂಗತಿ. ಕಾರಹುಣ್ಣಿಮೆಗೋ ಊರ ದೇವರ ಜಾತ್ರೆಗೋ ಸಂಗ್ರಾಣಿ ಕಲ್ಲು ಎತ್ತುವ, ಕಾಳು ತುಂಬಿದ ಚೀಲ ಹೆಗಲಿಗೇರಿಸುವ ಪಂದ್ಯಗಳು ನಡೆಯುತ್ತವೆ. ಗುಂಡಾದ ಕಲ್ಲಿಗೆ ಹಿಡಿಕೆಯಿಲ್ಲ. ಮೊಣಕಾಲ ಮೇಲೆ ಒರಗಿಸಿಕೊಂಡು, ಎದೆಗೆ ಅವುಚಿ, ಹೆಗಲ ಮೇಲಿಂದ ಹಿಂದಕ್ಕೆ ಚೆಲ್ಲಬೇಕು. ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡಗ, ಹಲಗೆಯ ಸದ್ದಿನಲ್ಲಿ ಮೆರವಣಿಗೆ. ಗದಗ ತಾಲ್ಲೂಕಿನ ಹಿರೇಹಂದಿಗೋಳದಂಥ ಊರುಗಳ ಹೆಂಗಸರು ಹೊಲದಲ್ಲಿ ಹೊರೆ ಹೊರುವುದು, ಕಣದಲ್ಲಿ ರಾಶಿ ಮಾಡುವುದು ಯಾರಿಗೂ ಹೊಸದಲ್ಲ. ಆದರೆ ಆ ಬಲ ಪಂದ್ಯದ ಲೆಕ್ಕಕ್ಕೆ ಬಂದಿರಲಿಲ್ಲ. ಕುಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಜೋಡಿ ಹಾಕತೊಡಗಿದ್ದು ಈಚಿನ ದಶಕಗಳಲ್ಲಿ. ಮಹಿಳಾ ವಿಭಾಗ ಎಂಬ ಏರ್ಪಾಡೇ ಇನ್ನೂ ಹಸಿಯಾಗಿರುವ ಕಡೆ ಅದರ ಗಡಿಯ ಚರ್ಚೆ ಬಂದು ನಿಂತಿದೆ. ಅಮೆರಿಕ, ಕೆನಡಾಗಳ ವಾದಗಳನ್ನು ಹಾಗೆಯೇ ಎತ್ತಿ ತಂದರೆ ಇಲ್ಲಿಗೆ ಹೊಂದದು.

ವಿಭಾಗ ಏಕೆ ಬೇಕು ಎಂಬುದಕ್ಕೆ ಟೋಕಿಯೊ ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್ ಅಂಕಿಗಳು ಸಾಕು. 2021ರಲ್ಲಿ ಪುರುಷರ 73 ಕಿಲೊ ವಿಭಾಗ ಗೆದ್ದ ಚೀನಾದ ಶಿ ಝಿಯೊಂಗ್ ಒಟ್ಟು 364 ಕಿಲೊ ಎತ್ತಿದರು. ಮಹಿಳೆಯರ 76 ಕಿಲೊ ವಿಭಾಗದ ಚಿನ್ನ ಪಡೆದ ಈಕ್ವೆಡಾರ್‌ನ ನೈಸಿ ದಹೋಮೆಸ್ ಎತ್ತಿದ್ದು 263 ಕಿಲೊ. ದೇಹತೂಕದ ಮಿತಿ ಮಹಿಳೆಗೆ ಮೂರು ಕಿಲೊ ಹೆಚ್ಚಿದ್ದರೂ ಎತ್ತಿದ ಭಾರದಲ್ಲಿ 101 ಕಿಲೊ ಕಡಿಮೆ. ಓಟದಲ್ಲಿ ಗಂಡು ಹೆಣ್ಣಿನ ಅತ್ಯುತ್ತಮ ಸಾಧನೆಗಳ ಅಂತರ ಸುಮಾರು ಶೇ 10ರಿಂದ 12. ಭಾರ ಎತ್ತುವುದರಲ್ಲಿ ಅದು ಇನ್ನೂ ಬಹಳ ದೊಡ್ಡದು. ದೇಹತೂಕದ ವಿಭಜನೆಯೊಂದರಿಂದ ಈ ಕಂದಕ ತುಂಬುವುದಿಲ್ಲ. ಹದಿಹರೆಯದಲ್ಲಿ ಟೆಸ್ಟೊಸ್ಟೆರಾನ್ ಕಟ್ಟಿಕೊಡುವ ಸ್ನಾಯುರಾಶಿ, ಭುಜದ ಅಗಲ, ಎಲುಬಿನ ಗಾತ್ರ, ಎತ್ತರ ಇವೆಲ್ಲ ಸೇರಿ ಅಂತರವನ್ನು ಉಂಟುಮಾಡುತ್ತವೆ.

ಈ ವಿಭಾಗಕ್ಕೆ ಟ್ರಾನ್ಸ್ ಮಹಿಳೆಯರ, ಅಂದರೆ ಗಂಡಾಗಿ ಹುಟ್ಟಿ ಹೆಣ್ಣೆಂದು ಗುರುತಿಸಿಕೊಂಡವರ, ಪ್ರವೇಶದ ವಿವಾದ ಸ್ಫೋಟಗೊಂಡದ್ದು ಕೆನಡಾದಲ್ಲಿ. ಅಲ್ಲಿನ ಪವರ್‌ಲಿಫ್ಟಿಂಗ್ ಒಕ್ಕೂಟ ಸ್ಪರ್ಧಿ ತಮ್ಮನ್ನು ಯಾವ ಲಿಂಗದವರೆಂದು ಗುರುತಿಸಿಕೊಳ್ಳುತ್ತಾರೋ ಆ ವಿಭಾಗಕ್ಕೆ ಸೇರಿಸಿಕೊಳ್ಳುವ ನೀತಿ ಅನುಸರಿಸುತ್ತಿತ್ತು. 2023ರ ಆಗಸ್ಟ್‌ನಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಬ್ರಾಂಡನ್‌ನಲ್ಲಿ ನಡೆದ ಪಶ್ಚಿಮ ಕೆನಡಾ ಕೂಟದ ಮಹಿಳಾ ಮಾಸ್ಟರ್ಸ್ ವಿಭಾಗದಲ್ಲಿ ಟ್ರಾನ್ಸ್ ಮಹಿಳೆ ಆ್ಯನ್ ಆಂಡ್ರೆಸ್ ಒಟ್ಟು 597.5 ಕಿಲೊ ಎತ್ತಿದರು. ಎರಡನೆಯ ಸ್ಥಾನದ ಸ್ಪರ್ಧಿಯ ಮೊತ್ತಕ್ಕೂ ಅದಕ್ಕೂ 200 ಕಿಲೊಗಿಂತ ಹೆಚ್ಚು ಅಂತರ. ಕೆನಡಾ ತಂಡದ ಪವರ್‌ಲಿಫ್ಟರ್ ಏಪ್ರಿಲ್ ಹಚಿನ್ಸನ್ ಬಹಿರಂಗವಾಗಿ ವಿರೋಧಿಸಿದರು. ಅದೇ ವರ್ಷ ಒಕ್ಕೂಟ ಅವರನ್ನು ಅಮಾನತು ಮಾಡಿತು. ಇದಕ್ಕೂ ಮುಂಚೆ ಮಾರ್ಚ್‌ನಲ್ಲಿ ಪುರುಷ ತರಬೇತುದಾರನೊಬ್ಬ ಆಲ್ಬರ್ಟಾ ಪ್ರಾಂತ್ಯದ ಕೂಟದಲ್ಲಿ ಮಹಿಳೆಯೆಂದು ಹೆಸರು ಬರೆಸಿ ಬೆಂಚ್ ಪ್ರೆಸ್‌ನಲ್ಲಿ ಭಾರೀ ತೂಕ ಎತ್ತಿ ನೀತಿಯನ್ನು ಗೇಲಿ ಮಾಡಿದ್ದೂ ಉಂಟು. ಆತ ಬಯಲು ಮಾಡಿದ್ದು ಟ್ರಾನ್ಸ್ ಮಹಿಳೆಯರ ಕಪಟವನ್ನಲ್ಲ, ಯಾವ ಷರತ್ತೂ ಇಲ್ಲದ ನಿಯಮದ ಪೊಳ್ಳನ್ನು. ಪರ ವಿರೋಧದ ಇಬ್ಬರೂ ಈ ವ್ಯತ್ಯಾಸವನ್ನು ಮರೆತೇ ಮಾತನಾಡಿದರು.

ಅಮೆರಿಕದ ಹಾದಿ ಇದಕ್ಕೆ ತದ್ವಿರುದ್ಧ. 2018ರಲ್ಲಿ ಜೇಸೀ ಕೂಪರ್ ಎಂಬ ಟ್ರಾನ್ಸ್ ಮಹಿಳೆಗೆ ಮಹಿಳಾ ವಿಭಾಗದಲ್ಲಿ ಸ್ಪರ್ಧಿಸಲು ಯುಎಸ್‌ಎ ಪವರ್‌ಲಿಫ್ಟಿಂಗ್ ಸಂಸ್ಥೆ ಅನುಮತಿ ಕೊಡಲಿಲ್ಲ. ಆಕೆ ಹಾರ್ಮೋನ್ ಚಿಕಿತ್ಸೆಯ ಭಾಗವಾಗಿ ಸೇವಿಸುತ್ತಿದ್ದ ಸ್ಪೈರೊನೊಲ್ಯಾಕ್ಟೋನ್ ಮೂತ್ರವರ್ಧಕವಾದ ಕಾರಣ ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿತ್ತು. 2021ರಲ್ಲಿ ಆಕೆ ಮಿನೆಸೋಟ ರಾಜ್ಯದ ಮಾನವ ಹಕ್ಕು ಕಾಯ್ದೆಯಡಿ ದಾವೆ ಹೂಡಿದರು. ಸಂಸ್ಥೆ ಅದೇ ವರ್ಷ ಎಲ್ಲ ಲಿಂಗದವರಿಗೂ ತೆರೆದ ಪ್ರತ್ಯೇಕ ವಿಭಾಗವೊಂದನ್ನು ಪ್ರಕಟಿಸಿತು. 2023ರಲ್ಲಿ ಜಿಲ್ಲಾ ನ್ಯಾಯಾಲಯ ಕೂಪರ್ ಪರವಾಗಿ, 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಬಹುಪಾಲು ಸಂಸ್ಥೆಯ ಪರವಾಗಿ ತೀರ್ಪಿತ್ತವು. 2025ರ ಅಕ್ಟೋಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನೀತಿಯು ಮೇಲ್ನೋಟಕ್ಕೇ ತಾರತಮ್ಯದ್ದು ಎಂದಿತು. ಅದಕ್ಕೆ ನ್ಯಾಯವಾದ ವ್ಯಾವಹಾರಿಕ ಕಾರಣವಿತ್ತೇ ಎಂಬುದನ್ನು ವಿಚಾರಣೆಗೆ ಹಿಂದಿರುಗಿಸಿತು. ಏಳು ವರ್ಷದ ಹೋರಾಟದ ಬಳಿಕವೂ ಮೂಲ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ವಿಜ್ಞಾನ ಇಲ್ಲಿ ನೆರವಿಗೆ ಬರುವುದು ಅರ್ಧ ದಾರಿಯವರೆಗೆ. ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೆಸ್ಟೊಸ್ಟೆರಾನ್ ತಗ್ಗಿಸಿದ ಹನ್ನೆರಡು ತಿಂಗಳ ನಂತರ ಟ್ರಾನ್ಸ್ ಮಹಿಳೆಯರ ತೊಡೆ ಸ್ನಾಯುವಿನ ಗಾತ್ರ ಕೊಂಚ ಕುಗ್ಗಿತ್ತು, ಬಲ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಅಮೆರಿಕದ ವಾಯುಪಡೆಯ ದಾಖಲೆಗಳ ಅಧ್ಯಯನದಲ್ಲಿ ಎರಡು ವರ್ಷದ ಚಿಕಿತ್ಸೆಯ ಬಳಿಕ ದಂಡ, ಸಿಟ್‌ಅಪ್‌ಗಳಲ್ಲಿ ಉಳಿದ ಮಹಿಳೆಯರೊಂದಿಗಿನ ಅಂತರ ಅಳಿಸಿಹೋಗಿತ್ತು, ಓಟದಲ್ಲಿ ಶೇ 12ರಷ್ಟು ಉಳಿದಿತ್ತು. ರಕ್ತದ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಮಹಿಳೆಯರ ಮಟ್ಟಕ್ಕೆ ಇಳಿಯುತ್ತದೆ. ಹಾಗಾಗಿ ಉಸಿರಿನ ಕ್ರೀಡೆಗಳಿಗಿಂತ ಬಲದ ಕ್ರೀಡೆಗಳಲ್ಲಿ ಮೇಲುಗೈ ಹೆಚ್ಚು ಕಾಲ ಉಳಿಯುವ ಸಂಭವವಿದೆ ಎಂಬ ತರ್ಕಕ್ಕೆ ಆಧಾರವುಂಟು. ಆದರೆ ಈ ಅಧ್ಯಯನಗಳಲ್ಲಿದ್ದವರು ಸ್ಪರ್ಧೆಗಿಳಿದ ಲಿಫ್ಟರ್‌ಗಳಲ್ಲ. ಟೋಕಿಯೊದಲ್ಲಿ ಒಲಿಂಪಿಕ್ಸ್‌ನ ವೈಯಕ್ತಿಕ ಸ್ಪರ್ಧೆಗೆ ಇಳಿದ ಮೊದಲ ಬಹಿರಂಗ ಟ್ರಾನ್ಸ್ ಮಹಿಳೆ, ನ್ಯೂಜಿಲೆಂಡ್‌ನ ಲಾರೆಲ್ ಹಬಾರ್ಡ್, ವೇಟ್‌ಲಿಫ್ಟಿಂಗ್‌ನ ಸ್ನ್ಯಾಚ್ ಎತ್ತುವಿಕೆಯ ಮೂರೂ ಪ್ರಯತ್ನ ವಿಫಲವಾಗಿ ಹೊರಬಿದ್ದರು. ಒಬ್ಬರ ಸೋಲಿನಿಂದ ಮೇಲುಗೈ ಇಲ್ಲವೆಂದಾಗದು. ಒಬ್ಬರ ಗೆಲುವಿನಿಂದ ಅದು ಎಲ್ಲರಿಗೂ ಇದೆಯೆಂದೂ ಆಗದು.

ಭಾರತದ ಅನುಭವ ಈ ಚರ್ಚೆಗೆ ಕೊಡುವ ಸಾಕ್ಷ್ಯ ಬೇರೆ ಬಗೆಯದು, ತೂಕವೂ ಹೆಚ್ಚಿನದು. ಮಹಿಳಾ ವಿಭಾಗವನ್ನು ಕಾಯುವ ಹೆಸರಿನಲ್ಲಿ ಇಲ್ಲಿ ಪೆಟ್ಟು ತಿಂದವರು ಹುಟ್ಟಿನಿಂದ ಹೆಣ್ಣಾಗಿಯೇ ಬೆಳೆದ ಹಳ್ಳಿಯ ಹುಡುಗಿಯರು. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಕೂಲಿಕಾರರ ಮಗಳು ಶಾಂತಿ ಸೌಂದರಾಜನ್ 2006ರ ದೋಹಾ ಏಷ್ಯನ್ ಕೂಟದ 800 ಮೀಟರ್ ಓಟದಲ್ಲಿ ಗೆದ್ದ ಬೆಳ್ಳಿಯನ್ನು ಲಿಂಗ ಪರೀಕ್ಷೆಯ ಬಳಿಕ ಕಿತ್ತುಕೊಳ್ಳಲಾಯಿತು. ಒಡಿಶಾದ ನೇಕಾರ ಕುಟುಂಬದ ದ್ಯುತಿ ಚಾಂದ್‌ರನ್ನು 2014ರಲ್ಲಿ, ಗ್ಲಾಸ್ಗೊ ಕೂಟದ ಹೊಸ್ತಿಲಲ್ಲಿ, ದೇಹ ತಾನಾಗಿಯೇ ಉತ್ಪಾದಿಸುವ ಟೆಸ್ಟೊಸ್ಟೆರಾನ್ ಹೆಚ್ಚೆಂಬ ಕಾರಣಕ್ಕೆ ಕೈಬಿಟ್ಟರು. ಆಕೆ ಕ್ರೀಡಾ ಪಂಚಾಯ್ತಿ ನ್ಯಾಯಾಲಯದ ಮೆಟ್ಟಿಲೇರಿ, 2015ರ ಜುಲೈನಲ್ಲಿ ನಿಯಮವನ್ನೇ ಅಮಾನತಿನಲ್ಲಿ ಇಡಿಸಿದರು. ಹೀಗೆ ಪರೀಕ್ಷಿಸುವ ಪರಿಪಾಠ ಹಳೆಯದು: 1966ರಲ್ಲಿ ಬುಡಾಪೆಸ್ಟ್‌ನಲ್ಲಿ ಮಹಿಳಾ ಸ್ಪರ್ಧಿಗಳನ್ನು ವೈದ್ಯರ ಮುಂದೆ ಬೆತ್ತಲೆ ನಿಲ್ಲಿಸಿದರು, 1968ರಿಂದ ವರ್ಣತಂತು ಪರೀಕ್ಷೆ ಬಂತು, 1999ರಲ್ಲಿ ಒಲಿಂಪಿಕ್ಸ್ ಸಮಿತಿ ಅದನ್ನು ಕೈಬಿಟ್ಟಿತು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2023ರ ಮಾರ್ಚ್‌ನಲ್ಲಿ ಪುರುಷ ಪ್ರೌಢಾವಸ್ಥೆ ದಾಟಿದ ಟ್ರಾನ್ಸ್ ಮಹಿಳೆಯರನ್ನು ಮಹಿಳಾ ವಿಭಾಗದಿಂದ ಹೊರಗಿಟ್ಟಿತು. 2025ರ ಸೆಪ್ಟೆಂಬರ್ 1ರಿಂದ ಎಲ್ಲ ಮಹಿಳಾ ಸ್ಪರ್ಧಿಗಳಿಗೂ ಒಮ್ಮೆಯ ವಂಶವಾಹಿ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಟ್ರಾನ್ಸ್ ಮಹಿಳೆಯರು ಬೆರಳೆಣಿಕೆಯಷ್ಟು. ಪರೀಕ್ಷೆ ಮಾತ್ರ ಪ್ರತಿಯೊಬ್ಬ ಹುಡುಗಿಗೂ.

ಕಾನೂನಿನ ಚಿತ್ರ ಅಷ್ಟು ಮಸುಕಿಲ್ಲ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತು. ಲಿಂಗಪರಿವರ್ತಿತರ ಕುರಿತ 2019ರ ಕೇಂದ್ರ ಕಾಯ್ದೆ ಸಾರ್ವಜನಿಕ ಅವಕಾಶಗಳಲ್ಲಿ ತಾರತಮ್ಯವನ್ನು ನಿಷೇಧಿಸಿ, ಗುರುತಿನ ಪ್ರಮಾಣಪತ್ರ ಕೊಡುವ ಹೊಣೆಯನ್ನು ಜಿಲ್ಲಾ ದಂಡಾಧಿಕಾರಿಗೆ ವಹಿಸಿತು. ಕರ್ನಾಟಕ 2021ರ ಜುಲೈನಲ್ಲಿ ಸರ್ಕಾರಿ ನೇಮಕಾತಿಯ ಎಲ್ಲ ವರ್ಗಗಳಲ್ಲೂ ಲಿಂಗಪರಿವರ್ತಿತರಿಗೆ ಶೇ 1ರಷ್ಟು ಸಮತಳ ಮೀಸಲಾತಿ ತಂದ ಮೊದಲ ರಾಜ್ಯವಾಯಿತು. ಸಂಗಮ ಸಂಸ್ಥೆ ಪೊಲೀಸ್ ನೇಮಕಾತಿಯ ಅಧಿಸೂಚನೆಯನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿದ್ದು ಇದಕ್ಕೆ ನೆಪ. ಸವದತ್ತಿ ಎಲ್ಲಮ್ಮನ ಜೋಗಪ್ಪ, ಜೋಗತಿಯರನ್ನು ತಲೆಮಾರುಗಳಿಂದ ಕಂಡ ಉತ್ತರ ಕರ್ನಾಟಕಕ್ಕೆ ಲಿಂಗಪರಿವರ್ತಿತರ ಬದುಕು ಅಪರಿಚಿತವೇನಲ್ಲ. ಅವರಲ್ಲೊಬ್ಬರಾದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ ವಹಿಸಿ, ಪದ್ಮಶ್ರೀಗೂ ಪಾತ್ರರಾದರು. ಆದರೆ ಮೀಸಲಾತಿಯ ತರ್ಕವನ್ನು ಸ್ಪರ್ಧಾವೇದಿಕೆಗೆ ನೇರವಾಗಿ ಒಯ್ಯಲಾಗದು. ನೇಮಕಾತಿಯಲ್ಲಿ ಹುದ್ದೆಗಳ ಪಾಲು ನಿಗದಿ ಮಾಡಬಹುದು. ವಿಜಯವೇದಿಕೆಯಲ್ಲಿ ಇರುವುದು ಮೂರೇ ಮೆಟ್ಟಿಲು. ಕೇರಳ ಹೈಕೋರ್ಟ್ 2022ರಲ್ಲಿ, ಜೂಡೊ ಸ್ಪರ್ಧೆಗೆ ಅವಕಾಶ ಕೇಳಿದ ಟ್ರಾನ್ಸ್ ಮಹಿಳೆಯೊಬ್ಬರ ಪ್ರಕರಣದಲ್ಲಿ, ಆಯೋಜಕರು ಪ್ರತ್ಯೇಕ ವಿಭಾಗ ಮಾಡದಿದ್ದರೆ ಆಕೆ ಆರಿಸಿಕೊಂಡ ವಿಭಾಗದಲ್ಲೇ ಆಡಲು ಬಿಡಬೇಕೆಂದಿತು. ಪ್ರವೇಶದ ಮಟ್ಟಿಗೆ ಇದು ಸರಿಯಾದ ಹೆಜ್ಜೆ. ಪದಕದ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಹಿನ್ನೆಲೆಯಲ್ಲಿ ಸ್ಪರ್ಧೆಯ ಮಟ್ಟವನ್ನು ನೋಡಿ ನಿಯಮ ಮಾಡುವುದು ಹೆಚ್ಚು ಯುಕ್ತ. ತಾಲ್ಲೂಕು, ಜಿಲ್ಲೆಯ ದಸರಾ ಕ್ರೀಡಾಕೂಟಗಳಲ್ಲಿ ಗುರುತಿನ ದಾಖಲೆಯ ಆಧಾರದಲ್ಲಿ ಪ್ರವೇಶ ಕೊಟ್ಟರೆ ನಷ್ಟ ಅಲ್ಪ, ಲಾಭ ದೊಡ್ಡದು: ಆಡಲು ಜಾಗವೇ ಇಲ್ಲದವರಿಗೆ ಜಾಗ ಸಿಗುತ್ತದೆ. ದಾಖಲೆ, ಆಯ್ಕೆ, ನಗದು ಬಹುಮಾನ, ಕ್ರೀಡಾ ಕೋಟಾದ ನೌಕರಿ ಇವು ಅಂಟಿಕೊಂಡ ರಾಜ್ಯ ಮತ್ತು ರಾಷ್ಟ್ರಮಟ್ಟದಲ್ಲಿ, ಅದೂ ಬಲವೇ ಮುಖ್ಯವಾದ ಪವರ್‌ಲಿಫ್ಟಿಂಗ್‌ನಲ್ಲಿ, ಹಾರ್ಮೋನ್ ಮಟ್ಟವನ್ನೋ ಪ್ರೌಢಾವಸ್ಥೆಯನ್ನೋ ಆಧರಿಸಿದ ಷರತ್ತು ಅನ್ಯಾಯವೆನ್ನಲಾಗದು. ಆ ಷರತ್ತು ಕೂಟಕ್ಕೆ ಬಹು ಮುಂಚೆ ಬರಹದಲ್ಲಿ ಇರಬೇಕು. ಎದುರಾಳಿಯ ತರಬೇತುದಾರ ದೂರಿದನೆಂದು ತೂಕ ನೋಡುವ ಕೋಣೆಯಲ್ಲಿ ಹುಡುಗಿಯೊಬ್ಬಳನ್ನು ತಡೆದು ನಿಲ್ಲಿಸುವಂತಿರಬಾರದು. ಫಲಿತಾಂಶ ಪತ್ರಿಕೆಗೆ ಸೋರಬಾರದು. ಪರೀಕ್ಷೆಯ ಖರ್ಚು ಒಕ್ಕೂಟದ್ದೇ ಆಗಬೇಕು, ಜೋಳ ಬೆಳೆಯುವ ಮನೆಯ ಹುಡುಗಿಯದಲ್ಲ.

ಟ್ರಾನ್ಸ್ ಪುರುಷರ ವಿಚಾರ ಚರ್ಚೆಯಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಅವರು ಚಿಕಿತ್ಸೆಗಾಗಿ ತೆಗೆದುಕೊಳ್ಳುವ ಟೆಸ್ಟೊಸ್ಟೆರಾನ್ ಉದ್ದೀಪನ ನಿಷೇಧದ ಪಟ್ಟಿಯಲ್ಲಿದೆ. ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಿ, ಅದು ಮಂಜೂರಾದರಷ್ಟೇ ಪುರುಷರ ವಿಭಾಗದಲ್ಲಿ ಸ್ಪರ್ಧಿಸಬಹುದು. ಚಿಕಿತ್ಸೆ ಶುರುವಾದ ಮೇಲೆ ಮಹಿಳಾ ವಿಭಾಗದ ದಾರಿಯೂ ಮುಚ್ಚುತ್ತದೆ.