ಡಕ್ಟ್ ಬ್ಯಾಂಕ್: ನೆಲದಡಿಯ ಕೇಬಲ್ ಪೈಪುಗಳ ಆಧಾರ ಮತ್ತು ಅಂತರ

ವಿದ್ಯುತ್ ಕೇಬಲ್ ಹಾಯಿಸಲು ಹಲವು ಪೈಪುಗಳನ್ನು ನೆಲದಡಿ ಸಾಲಾಗಿ ಜೋಡಿಸಿ, ಸುತ್ತಲೂ ಕಾಂಕ್ರೀಟ್ ತುಂಬಿ ಕಟ್ಟುವ ರಚನೆಯೇ ಡಕ್ಟ್ ಬ್ಯಾಂಕ್. ಒಮ್ಮೆ ಕಟ್ಟಿದರೆ ಮತ್ತೆ ರಸ್ತೆ ಅಗೆಯಬೇಕಿಲ್ಲ. ಒಂದು ಚೇಂಬರಿನಿಂದ ಇನ್ನೊಂದಕ್ಕೆ ಹೊಸ ಕೇಬಲ್ ಎಳೆಯಬಹುದು, ಕೆಟ್ಟದ್ದನ್ನು ಹೊರತೆಗೆಯಬಹುದು. ಬೆಂಗಳೂರಿನ ಟೆಂಡರ್‌ಶ್ಯೂರ್ ಯೋಜನೆಯ ರಸ್ತೆಗಳಲ್ಲಿ ಫುಟ್‌ಪಾತಿನ ಅಡಿ ಕೇಬಲ್‌ಗಳಿಗೆಂದೇ ಇಂಥ ಹಾದಿ ಬಿಟ್ಟಿದ್ದಾರೆ.

ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ವಿದ್ಯುತ್ ಪೂರೈಸುವ ಹೆಸ್ಕಾಂ ಕಂಪನಿಯ ವ್ಯಾಪ್ತಿಯ ತಾಲ್ಲೂಕುಗಳು. ಇಲ್ಲಿ ಹೆಚ್ಚಿನ ವಿದ್ಯುತ್ ಕಂಬದ ಮೇಲಿನ ತಂತಿಯಲ್ಲೇ ಹರಿಯುತ್ತದೆ. ಶರಾವತಿಯ 240 ಮೆಗಾವಾಟಿನ ಗೇರುಸೊಪ್ಪೆ ವಿದ್ಯುದಾಗಾರ ಹೊನ್ನಾವರ ತಾಲ್ಲೂಕಿನಲ್ಲೇ ಇದ್ದರೂ, ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ಊರಿಗೆ ಊರೇ ಕತ್ತಲೆ. ಭಟ್ಕಳ ಪೇಟೆಯ ಇಕ್ಕಟ್ಟಿನ ಓಣಿಗಳನ್ನು ಪದೇಪದೇ ಅಗೆಯುವಂತಿಲ್ಲ; ಡಕ್ಟ್ ಬ್ಯಾಂಕ್ ಹೊಂದುವುದು ಅಂಥ ಕಡೆಗೇ. ಆದರೆ ಕರಾವಳಿಯ ನೆಲ ಅದಕ್ಕೆ ಸುಲಭದ ನೆಲವಲ್ಲ.

ಪೈಪುಗಳನ್ನು ಅಗೆದ ಕಂದಕದ ತಳಕ್ಕೆ ತಾಗಿಸಿ ಇಡಬಾರದು. ಅಡಿಯಲ್ಲೂ ಪೈಪುಗಳ ನಡುವೆಯೂ ಪ್ಲಾಸ್ಟಿಕ್ ಸ್ಪೇಸರ್ ಇಟ್ಟು, ಸುಮಾರು ಒಂದೂವರೆಯಿಂದ ಎರಡೂವರೆ ಮೀಟರಿಗೊಂದರಂತೆ ಆಧಾರ ಕೊಡುತ್ತಾರೆ. ಆಧಾರಗಳ ಅಂತರ ಹೆಚ್ಚಾದರೆ ಪೈಪು ನಡುವೆ ಜೋಲುತ್ತದೆ. ಮುಂದೆ ಕೇಬಲ್ ಎಳೆಯುವಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪೈಪುಗಳ ನಡುವಿನ ಸಂದಿ ಜಲ್ಲಿಯ ಗಾತ್ರಕ್ಕಿಂತ ಸಾಕಷ್ಟು ದೊಡ್ಡದಿರಬೇಕು, ಇಲ್ಲದಿದ್ದರೆ ಕಾಂಕ್ರೀಟ್ ಒಳಗಿಳಿಯದೆ ಪೊಳ್ಳು ಉಳಿಯುತ್ತದೆ.

ಪೈಪನ್ನು ಕೆಳಗಿನಿಂದ ಆನಿಸಿದರಷ್ಟೇ ಸಾಲದು, ಮೇಲೇಳದಂತೆ ಹಿಡಿದಿಡಲೂ ಬೇಕು. ಹಸಿ ಕಾಂಕ್ರೀಟಿನ ತೂಕ ಘನಮೀಟರಿಗೆ ಸುಮಾರು 2,400 ಕಿಲೋ. 160 ಮಿ.ಮೀ. ಹೊರವ್ಯಾಸದ ಖಾಲಿ ಪೈಪು ಅದರಲ್ಲಿ ಪೂರ್ತಿ ಮುಳುಗಿದಾಗ ಪ್ರತಿ ಮೀಟರಿಗೂ 45 ಕಿಲೋದಷ್ಟು ಬಲ ಅದನ್ನು ಮೇಲಕ್ಕೆ ನೂಕುತ್ತದೆ. ಹಾಗಾಗಿ ಪೈಪುಗಳನ್ನು ತಳಕ್ಕೆ ಬಿಗಿದು, ಕಾಂಕ್ರೀಟನ್ನು ಪದರಪದರವಾಗಿ ಸುರಿಯುತ್ತಾರೆ. ಒಂದೇ ಫೇಸಿನ ಸಿಂಗಲ್ ಕೋರ್ ಕೇಬಲ್ ಹೋಗುವ ಪೈಪಿಗೆ ಕಬ್ಬಿಣದ ತಂತಿ ಸುತ್ತಿ ಕಟ್ಟುವುದು ದೊಡ್ಡ ತಪ್ಪು: ಆ ಸುತ್ತಿನಲ್ಲಿ ಕರೆಂಟು ಪ್ರೇರಿತವಾಗಿ ಕಬ್ಬಿಣವೇ ಕಾಯುತ್ತದೆ.

ಅಂತರದ ಇನ್ನೊಂದು ಕಾರಣ ಶಾಖ. ಎಕ್ಸ್‌ಎಲ್‌ಪಿಇ ನಿರೋಧಕ ಹೊದಿಕೆಯ ಕೇಬಲಿನ ವಾಹಕ ನಿರಂತರವಾಗಿ ತಾಳುವುದು 90 ಡಿಗ್ರಿ ಸೆಲ್ಸಿಯಸ್‌ವರೆಗೆ. ಪೈಪುಗಳು ಒತ್ತೊತ್ತಾಗಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ ತಗಲುತ್ತದೆ. ನಡುವಿನ ಪೈಪು ಎಲ್ಲಕ್ಕಿಂತ ಹೆಚ್ಚು ಕಾಯುವುದರಿಂದ ಹೆಚ್ಚು ಹೊರೆಯ ಕೇಬಲನ್ನು ಅಂಚಿಗೆ ಹಾಕುವುದು ಮೇಲು. ಇಲ್ಲಿಯ ಚಿರೆಕಲ್ಲಿನ ನೆಲ ಮಳೆಗಾಲದಲ್ಲಿ ನೀರುಂಡು ಶಾಖವನ್ನು ಚೆನ್ನಾಗಿ ಹೊರಗೆ ಬಿಡುತ್ತದೆ. ಏಪ್ರಿಲ್–ಮೇನಲ್ಲಿ ಅದೇ ಕಲ್ಲು ಒಣಗಿ, ರಂಧ್ರಗಳಲ್ಲಿ ಗಾಳಿ ತುಂಬಿ, ಶಾಖವನ್ನು ತಡೆದು ನಿಲ್ಲಿಸುತ್ತದೆ. ಫ್ಯಾನು, ಏಸಿಗಳ ಹೊರೆ ಏರುವುದೂ ಆಗಲೇ. ಲೆಕ್ಕ ಹಾಕಬೇಕಾದ್ದು ಬೇಸಗೆಯ ನೆಲಕ್ಕೆ.

ಮಳೆಯ ಪಾಡು ಬೇರೆ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಅಂಥ ನೀರು ಪೈಪಿಗೆ ನುಗ್ಗುತ್ತದೆಂದೇ ಭಾವಿಸಿ, ನೂರು ಮೀಟರಿಗೆ ಕನಿಷ್ಠ 25 ಸೆಂ.ಮೀ.ನಂತೆ ಚೇಂಬರಿನ ಕಡೆಗೆ ಇಳಿಜಾರು ಕೊಡಬೇಕು.

ಆಳಕ್ಕೆ ಭಾರತೀಯ ಮಾನಕ ಐಎಸ್ 1255 ಆಧಾರ: ಕಡಿಮೆ ವೋಲ್ಟೇಜಿನ ಕೇಬಲ್ಲಿಗೆ 0.75 ಮೀಟರ್, 11 ಕೆವಿಗೆ 0.9, 33 ಕೆವಿಗೆ 1.05, ರಸ್ತೆ ದಾಟುವಲ್ಲಿ 1 ಮೀಟರ್. ಕಾಂಕ್ರೀಟ್ ಗಟ್ಟಿಯಾದ ಮೇಲೆ ಪ್ರತಿ ಪೈಪಿನಲ್ಲೂ ಅಳತೆಯ ಗುಂಡು ಎಳೆದು, ಅದು ತಡೆಯಿಲ್ಲದೆ ಆಚೆ ಬಂದರಷ್ಟೇ ಕಂದಕ ಮುಚ್ಚುತ್ತಾರೆ.